ಎಡಕ್ಕೋ ಬಲಕ್ಕೋ: ಟೆನಿಸ್ ಸರ್ವ್‌ನ ಸಂಖ್ಯಾಶಾಸ್ತ್ರೀಯ ಅಧ್ಯಯನದ ಹಾದಿ

ಟೆನಿಸ್ ಸರ್ವ್ ಕುರಿತು ಗಣಿತಜ್ಞರು ಮೊದಲು ಕೈಗೆತ್ತಿಕೊಂಡದ್ದು ಬಿರುಸಿನ ಪ್ರಶ್ನೆಯನ್ನು. ಮೊದಲ ಸರ್ವ್ ಜೋರಾಗಿ, ಎರಡನೆಯದು ಎಚ್ಚರದಿಂದ ಎಂಬ ರೂಢಿ ಸರಿಯೇ ಎಂದು 1971ರಲ್ಲಿ ಡೇವಿಡ್ ಗೇಲ್, 1973ರಲ್ಲಿ ಎಸ್. ಎಲ್. ಜಾರ್ಜ್ ಸಂಭವನೀಯತೆಯ ಲೆಕ್ಕ ಹಾಕಿ ನೋಡಿದರು. ಆ ಲೆಕ್ಕದ ಬಗೆ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ಸಾಕು. ಬಿರುಸಿನ ಸರ್ವ್ ಶೇ. 60ರಷ್ಟು ಸಲ ಗೆರೆಯೊಳಗೆ ಬೀಳುತ್ತದೆ, ಬಿದ್ದಾಗ ಶೇ. 75ರಷ್ಟು ಪಾಯಿಂಟ್ ಗೆಲ್ಲಿಸುತ್ತದೆ ಎನ್ನೋಣ. ಎಚ್ಚರದ ಸರ್ವ್ ಶೇ. 90ರಷ್ಟು ಬೀಳುತ್ತದೆ, ಬಿದ್ದಾಗ ಶೇ. 55ರಷ್ಟು ಗೆಲ್ಲಿಸುತ್ತದೆ. ಆಗ ಎರಡೂ ಬಿರುಸಾದರೆ ಗೆಲುವು ಶೇ. 63, ಎರಡೂ ಎಚ್ಚರವಾದರೆ ಶೇ. 54ರ ಆಸುಪಾಸು, ಮೊದಲು ಬಿರುಸು, ಆಮೇಲೆ ಎಚ್ಚರವಾದರೆ ಶೇ. 64.8. ಇಲ್ಲಿ ರೂಢಿಯೇ ಮೇಲು.

ಚೆಂಡನ್ನು ಎತ್ತ ಕಳಿಸಬೇಕೆಂಬ ಪ್ರಶ್ನೆ ಇಷ್ಟು ಸಲೀಸಲ್ಲ, ಏಕೆಂದರೆ ಎದುರಾಳಿಯೂ ಲೆಕ್ಕ ಹಾಕುತ್ತಿರುತ್ತಾನೆ. ಎಡಕ್ಕೆ ಹೊಡೆದರೆ ಹೆಚ್ಚು ಗೆಲುವು ಸಿಗುವುದಾದರೆ ಸರ್ವ್ ಮಾಡುವವನು ಅತ್ತಲೇ ಹೆಚ್ಚು ಹೊಡೆಯುತ್ತಾನೆ, ಅದನ್ನು ಗಮನಿಸಿದ ಎದುರಾಳಿ ಅತ್ತ ಸರಿದು ನಿಲ್ಲುತ್ತಾನೆ, ಲಾಭ ಕರಗುತ್ತದೆ. ಜಾನ್ ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿದ ಮಿನಿಮ್ಯಾಕ್ಸ್ ಪ್ರಮೇಯದ ಪ್ರಕಾರ ಇಂಥ ಪೈಪೋಟಿಯಲ್ಲಿ ಎರಡೂ ದಿಕ್ಕಿನ ಗೆಲುವಿನ ಪ್ರಮಾಣ ಸಮನಾಗಬೇಕು, ಆಯ್ಕೆಯ ಸರಣಿಯಲ್ಲಿ ಯಾವ ಕ್ರಮವೂ ಕಾಣಬಾರದು.

ಇದನ್ನು ಅಂಕಣದಲ್ಲೇ ಪರೀಕ್ಷಿಸಿದವರು ಮಾರ್ಕ್ ವಾಕರ್ ಮತ್ತು ಜಾನ್ ವುಡರ್ಸ್. 2001ರ ಅವರ ಲೇಖನಕ್ಕೆ ಆಧಾರ ಹತ್ತು ಪಂದ್ಯಗಳ ವಿಡಿಯೊ. ಪ್ರತಿ ಆಟಗಾರ ಡ್ಯೂಸ್ ಕೋರ್ಟ್‌ನಿಂದ ಮಾಡಿದ ಸರ್ವ್‌ಗಳನ್ನೂ ಅಡ್ವಾಂಟೇಜ್ ಕೋರ್ಟ್‌ನಿಂದ ಮಾಡಿದವನ್ನೂ ಬೇರೆಬೇರೆಯಾಗಿ ಎಣಿಸಿ, 40 ಗುಂಪು ಮಾಡಿಕೊಂಡರು. ಗೆಲುವಿನ ಪ್ರಮಾಣ ಸಿದ್ಧಾಂತಕ್ಕೆ ಹೊಂದಿತು, ಸರಣಿ ಹೊಂದಲಿಲ್ಲ: ಆಟಗಾರರು ಅಗತ್ಯಕ್ಕಿಂತ ಹೆಚ್ಚು ಸಲ ದಿಕ್ಕು ಬದಲಿಸುತ್ತಿದ್ದರು. ಬೇಕೆಂದೇ ಕ್ರಮ ತಪ್ಪಿಸಲು ಹೋದವರು ಒಂದೇ ಕಡೆ ಮೂರು ನಾಲ್ಕು ಸಲ ಹೊಡೆಯಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯೇ ಒಂದು ಕ್ರಮವಾಗುತ್ತದೆ.

ಸುಳಿವು ಸಿಕ್ಕರೆ ಎಷ್ಟು ನಷ್ಟವೆಂಬುದಕ್ಕೆ ಬೋರಿಸ್ ಬೆಕರ್ ಸಾಕ್ಷಿ. ಸರ್ವ್‌ಗೆ ಮುನ್ನ ಬೆಕರ್ ನಾಲಗೆ ಚಾಚುತ್ತಿದ್ದ ಬಗೆ ನೋಡಿ ದಿಕ್ಕು ಊಹಿಸುತ್ತಿದ್ದೆನೆಂದು ಆಂದ್ರೆ ಆಗಸ್ಸಿ ಹೇಳಿಕೊಂಡಿದ್ದಾರೆ. ಮೊದಲ ಮೂರು ಪಂದ್ಯ ಸೋತಿದ್ದ ಆಗಸ್ಸಿ ಮುಂದಿನ 11ರಲ್ಲಿ 10 ಗೆದ್ದರು.

ಹತ್ತು ಪಂದ್ಯಗಳ ಆಧಾರ ಬಹಳ ಕಿರಿದು. ಅಷ್ಟು ಸಣ್ಣ ಮಾದರಿಯಲ್ಲಿ ಸಣ್ಣ ವ್ಯತ್ಯಾಸ ಕಣ್ಣಿಗೇ ಬೀಳದು. ಚೆಂಡಿನ ಜಾಡು ಹಿಡಿಯುವ ಹಾಕ್-ಐ ಈ ಕೊರತೆ ನೀಗಿಸಿತು. ರೊಮೇನ್ ಗೊರಿಯೊ, ಲಯೊನೆಲ್ ಪೇಜ್ ಮತ್ತು ಅದೇ ವುಡರ್ಸ್ ಸುಮಾರು ಐದು ಲಕ್ಷ ಸರ್ವ್‌ಗಳನ್ನು ಪರಿಶೀಲಿಸಿದರು. ಪುರುಷರ ಗೆಲುವಿನ ಪ್ರಮಾಣ ಸಿದ್ಧಾಂತಕ್ಕೆ ಬೆರಗಾಗುವಷ್ಟು ಹತ್ತಿರವಿತ್ತು; ಮಹಿಳೆಯರದು ಅಷ್ಟು ಹತ್ತಿರವಿರಲಿಲ್ಲ. ಇದನ್ನು ಜಾಣ್ಮೆಯ ಕೊರತೆಯೆಂದು ಓದುವುದು ತಪ್ಪು. ಮಹಿಳೆಯರ ಆಟದಲ್ಲಿ ಸರ್ವ್‌ನ ತೂಕವೇ ಕಡಿಮೆ. ದಿಕ್ಕು ಬದಲಿಸುವ ಚಾಳಿಯಂತೂ ಇಬ್ಬರಲ್ಲೂ ಉಳಿದಿತ್ತು.

ಟಿವಿ ಪರದೆಯ ಮೇಲೆ ಬರುವ ಶೇಕಡಾವಾರು ಅಂಕಿಗಳಲ್ಲಿ ಈ ಚಾಳಿ ಕಾಣುವುದಿಲ್ಲ. ಪಂದ್ಯದ ವರದಿ ಬರೆಯುವವರು ಸರ್ವ್‌ಗಳ ಸರಣಿಯನ್ನೂ ಗುರುತಿಸಿಕೊಳ್ಳಲಿ.