ಸೋರೆ ಬುರುಡೆಯಿಂದ ಲೈಫ್‌ಗಾರ್ಡ್‌ವರೆಗೆ

1/6
ಈ ಸಲ ಗುಡಿ, ಕೋಟೆ, ಶಾಸನ ಇಲ್ಲ. ಈ ಸಲ ನೀರಿನ ಚರಿತ್ರೆ.

2014ರ ಮಳೆಗಾಲ. ನಮ್ಮ ಪಕ್ಕದ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಅಂದ್ರ ಕೃಷ್ಣಾ ನದಿಯ ನಡುವಿನ ನಡುಗಡ್ಡೆ. ಹೊಳೆ ತುಂಬಿತು, ಊರಿಗೆ ದಾರಿ ಬಂದ್ ಆಯ್ತು. ಅಲ್ಲಿನ ಒಬ್ಬ ತುಂಬು ಗರ್ಭಿಣಿ, ಹೆರಿಗೆ ಹೊತ್ತಿಗೆ ಆಸ್ಪತ್ರೆ ಹತ್ತಿರ ಇರಲಿ ಅಂತ, ಮೈಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಆ ಹೊಳೆಯನ್ನು ಈಜಿ ದಾಟಿದಳು. ಮನೆಯ ಗಂಡಸರು ಅವಳ ಜೊತೆಗೇ ಈಜಿಕೊಂಡು ಬಂದರು.

ಎಲ್ಲರೂ ಅವಳ ಧೈರ್ಯ ಹೊಗಳಿದರು. ಹೊಗಳಲೇಬೇಕು. ಆದ್ರ ಇನ್ನೊಮ್ಮೆ ನೋಡ್ರಿ: ಅಲ್ಲಿ ಧೈರ್ಯ ಒಂದೇ ಇರಲಿಲ್ಲ. ತೇಲಿಸೋ ಸಾಧನ ಇತ್ತು. ನೀರಿನ ಗುಣ ಗೊತ್ತಿದ್ದವರು ಪಕ್ಕದಲ್ಲಿದ್ದರು. ಇವತ್ತು ಬೀಚ್‌ನಲ್ಲಿ ಲೈಫ್‌ಗಾರ್ಡ್ ಹೆಗಲಿಗೆ ಹಾಕ್ಕೊಂಡಿರೋ ಕೆಂಪು ಟ್ಯೂಬ್ ಮಾಡೋದೂ ಆ ಬುರುಡೆಯ ಕೆಲಸಾನೇ. ಹಾಗಾದ್ರ ಈ ಕೆಲಸ ಒಂದು ಉದ್ಯೋಗ ಆಗಿದ್ದು ಹೇಗೆ?

2/6
ನೀರಲ್ಲಿ ಮುಳುಗಿದವರನ್ನು ಉಳಿಸೋಕೆ ಅಂತಲೇ 1767ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಸಂಘ ಹುಟ್ಟಿತು. ಅದು ಕಾಲುವೆಗಳ ಊರು, ಜನ ಬೀಳೋದು ಮಾಮೂಲಿ. 1774ರಲ್ಲಿ ಲಂಡನ್‌ನಲ್ಲಿ ವಿಲಿಯಂ ಹಾವ್ಸ್, ಥಾಮಸ್ ಕೋಗನ್ ಎಂಬ ವೈದ್ಯರು ಅಂಥದೇ ಸಂಘ ಕಟ್ಟಿದರು. ಮುಂದೆ ಅದಕ್ಕೆ ರಾಯಲ್ ಹ್ಯೂಮೇನ್ ಸೊಸೈಟಿ ಅಂತ ಹೆಸರಾಯ್ತು.

ಅವರ ಕಾಲದ ಚಿಕಿತ್ಸೆ ಕೇಳಿದ್ರ ನಗು ಬರ್ತದ. ಮುಳುಗಿದವನನ್ನು ಪೀಪಾಯಿ ಮೇಲೆ ಉರುಳಿಸೋದು. ತಿದಿ ಹಿಡಿದು ತಂಬಾಕಿನ ಹೊಗೆಯನ್ನು ಹಿಂದಿನಿಂದ ಹೊಟ್ಟೆಗೆ ಊದೋದು. ಹೌದು, ಸರಿಯಾಗೇ ಓದಿದ್ರಿ.

ನಗೋ ಮೊದಲು ಒಂದು ಮಾತು. ಹೊಟ್ಟೆ ಒತ್ತಿ ನೀರು ತೆಗೆಯೋದು, ಕಾಲು ಹಿಡಿದು ತಲೆಕೆಳಗು ಮಾಡೋದು ನಮ್ಮಲ್ಲಿ ಇನ್ನೂ ನಡೀತದ. ಅದೂ ಅದೇ ಪೀಪಾಯಿ ಕಾಲದ ನಂಬಿಕೆ. ಮುಳುಗಿದವರು ಸಾಯೋದು ಹೊಟ್ಟೆಯಲ್ಲಿನ ನೀರಿನಿಂದ ಅಲ್ಲ, ಉಸಿರು ಸಿಗದೆ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡೋದು, ಎದೆ ಒತ್ತೋದು, ಎರಡೂ ಸೇರಿ ಇವತ್ತಿನ ಸಿಪಿಆರ್ ಆಗಿದ್ದು 1960ರ ಹೊತ್ತಿಗೆ. ಹೊಟ್ಟೆ ಒತ್ತುತ್ತಾ ಕಳೆದ ಒಂದೊಂದು ನಿಮಿಷವೂ ಹೋದಂಗೇ.

3/6
ಸಂಘ ಆಯ್ತು, ಚಿಕಿತ್ಸೆ ಆಯ್ತು. ಆದ್ರ ದಡದಲ್ಲಿ ಕಾಯೋರು ಯಾರು? 1900ರ ನಂತರ ಆಸ್ಟ್ರೇಲಿಯಾದಲ್ಲಿ ಜನ ಸಮುದ್ರಸ್ನಾನಕ್ಕೆ ಮುಗಿಬಿದ್ದರು, ಅದರ ಜೊತೆಗೇ ಬೀಚ್ ಕಾಯೋ ಕ್ಲಬ್‌ಗಳೂ ಶುರುವಾದವು. 1938ರ ಫೆಬ್ರವರಿ 6, ಭಾನುವಾರ, ಸಿಡ್ನಿಯ ಬಾಂಡೈ ಬೀಚ್. ಸಾಲುಸಾಲಾಗಿ ಬಂದ ದೊಡ್ಡ ಅಲೆಗಳು ನೂರಾರು ಜನರನ್ನು ಒಮ್ಮೆಲೇ ಒಳಗೆ ಎಳೆದವು. ಸುಮಾರು 250 ಜನರನ್ನು ಎಳೆದು ತಂದರು. ಸತ್ತವರು 5 ಮಂದಿ. ಅಷ್ಟು ಕಡಿಮೆ ಯಾಕ? ಆ ಹೊತ್ತಿಗೆ ಹತ್ತಾರು ಕಾವಲುಗಾರರು ಹಗ್ಗ, ಸಾಧನ ಇಟ್ಕೊಂಡು ದಡದಲ್ಲೇ ಇದ್ದರು.

4/6
ಸಿನಿಮಾದಲ್ಲಿ ಲೈಫ್‌ಗಾರ್ಡ್ ಅಂದ್ರ ಹಾರೋನು. ನಿಜವಾಗಿ ಅವನು ನೋಡೋನು. ದಿನದ ಹೆಚ್ಚಿನ ಹೊತ್ತು ಬಿಸಿಲಲ್ಲಿ ನಿಂತು ನೀರು ನೋಡೋದು, ಸೀಟಿ ಊದೋದು, ಮಾತು ಕೇಳದವರನ್ನು ಹಿಂದಕ್ಕೆ ಕರೆಯೋದು, ಅವರಿಂದ ಬೈಸಿಕೊಳ್ಳೋದು.

ನೋಡೋದು ಯಾಕಷ್ಟು ಕಷ್ಟ? ಮುಳುಗೋರು ಕೂಗೋದಿಲ್ಲ. ನ್ಯೂಯಾರ್ಕ್‌ನ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ, ಜನ ಮುಳುಗೋ ರೀತಿಯನ್ನು 1970ರ ದಶಕದಲ್ಲಿ ಚಿತ್ರೀಕರಿಸಿ ಇದನ್ನು ತೋರಿಸಿದರು. ಬಾಯಿ ಉಸಿರಿಗೇ ಸಾಲದು, ಕೂಗೋಕೆ ಎಲ್ಲಿಂದ ಬರಬೇಕು? ಕೈ ಬೀಸೋಕೂ ಆಗಲ್ಲ, ಎರಡೂ ಕೈ ನೀರನ್ನು ಕೆಳಗೆ ಒತ್ತುತ್ತಿರ್ತವ. ನಿಂತಂಗೇ ಇದ್ದು, 20ರಿಂದ 60 ಸೆಕೆಂಡಿನಲ್ಲಿ ಒಳಗೆ ಹೋಗ್ತಾರ. ಪಕ್ಕದಲ್ಲಿ ಇದ್ದವರಿಗೆ ಆಟ ಆಡಿದಂಗ ಕಾಣ್ತದ.

ಇನ್ನೊಂದು: ಮುಳುಗೋನು ಸಿಕ್ಕವರನ್ನು ಅಪ್ಪಿ ಹಿಡೀತಾನ. ಒಬ್ಬನನ್ನು ಉಳಿಸೋಕೆ ಹೋಗಿ ಇಬ್ಬರು, ಮೂವರು ಹೋದ ಸುದ್ದಿ ನಾವು ಪ್ರತಿ ಬೇಸಿಗೆ ಓದ್ತೀವಿ. ಅದಕ್ಕೇ ಲೈಫ್‌ಗಾರ್ಡ್‌ಗೆ ಕಲಿಸೋ ಕ್ರಮ ಹೀಗದ: ಮೊದಲು ಕೋಲು ಚಾಚು, ಆಮೇಲೆ ಹಗ್ಗ ಎಸೆ, ಆಮೇಲೆ ದೋಣಿ. ನೀರಿಗೆ ಇಳಿಯೋದು ಕೊನೆಗೆ. ಅದೂ ಟ್ಯೂಬ್ ಜೊತೆಗೆ.

5/6
ನಮ್ಮಂಥ ಬಯಲುಸೀಮೆ ಹುಡುಗರಿಗೆ ಸಮುದ್ರ ಅಂದ್ರ ಶಾಲಾ ಟ್ರಿಪ್. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ಮಕ್ಕಳು ಮುರುಡೇಶ್ವರಕ್ಕೆ ಹೋಗಿದ್ದರು. ನಾಲ್ವರು ಹುಡುಗಿಯರು ಸಮುದ್ರದಲ್ಲಿ ತೀರಿಕೊಂಡರು. ಇನ್ನೂ ಕೆಲವರನ್ನು ಜೀವಂತ ಹೊರಗೆ ತಂದರು. ನಮ್ಮ ವಯಸ್ಸಿನವರೇ.

ಸಮುದ್ರದ ಸೆಳೆತ ಕೆರೆ, ಬಾವಿಯಲ್ಲಿ ಈಜು ಕಲಿತವರಿಗೆ ಗೊತ್ತಿರೋದಿಲ್ಲ. ಸಿಕ್ಕಿಬಿದ್ದರೆ ದಡದ ಕಡೆ ಎದುರು ಈಜಬೇಡ್ರಿ, ಸುಸ್ತಾಗ್ತೀರಿ. ತೇಲಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ಬರ್ರಿ. ಕೆಂಪು ಬಾವುಟ ಇದ್ರ ನೀರಿಗೇ ಇಳೀಬೇಡ್ರಿ. ಲೈಫ್‌ಗಾರ್ಡ್ ಸೀಟಿ ಊದಿದ್ರ ಅದು ನಿಮ್ಮ ಮಜಾ ಕೆಡಿಸೋಕಲ್ಲ.

6/6
ಈಗ ನಮ್ಮೂರ ಕಡೆ ಬರೋಣ. ಶಿರವಾಳದ ಸೀಮೆಗೆ ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ. ನಡುವೆ ನಾರಾಯಣಪುರ ಎಡದಂಡೆ ಕಾಲುವೆ, ಬಾವಿ, ಕೃಷಿ ಹೊಂಡ. ಇಲ್ಲಿ ಲೈಫ್‌ಗಾರ್ಡ್ ಯಾರು? ಅಂಬಿಗರು, ಮೀನು ಹಿಡಿಯೋರು, ದನ ಕಾಯೋ ಹುಡುಗರು. ಸಂಬಳ ಇಲ್ಲ, ಟ್ಯೂಬ್ ಇಲ್ಲ, ತರಬೇತಿ ಇಲ್ಲ. ಯಾರಾದ್ರೂ ಮುಳುಗಿದ್ರ ಮೊದಲ ಕೂಗು ಹೋಗೋದು ಮಾತ್ರ ಅವರಿಗೇ.

2019ರ ಆಗಸ್ಟ್ ಪ್ರವಾಹ ನೆನಪದ ಅಲ್ಲ? ಹೊಳೆ ಆಚೆ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ 12 ವರ್ಷದ ಹುಡುಗ ಮುಳುಗಿದ ಸೇತುವೆ ಮೇಲೆ ಮುಂದೆ ಓಡುತ್ತಾ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ಶೌರ್ಯ ಪ್ರಶಸ್ತಿ ಬಂತು. ಅವನಿಗೆ ಸಲಾಂ. ಆದ್ರ ಆ ನೀರಿಗೆ ಇಳಿಯೋ ಕೆಲಸ ಒಂದು ಮಗುವಿನ ಪಾಲಿಗೆ ಯಾಕ ಬಂತು ಅನ್ನೋದನ್ನೂ ಕೇಳಬೇಕಲ್ಲ?

ಚರಿತ್ರೆ ಹೇಳೋದು ಇಷ್ಟೇ: ಧೈರ್ಯ ಎಲ್ಲ ಊರಲ್ಲೂ ಇತ್ತು. ಸಾವು ಕಡಿಮೆಯಾಗಿದ್ದು ದಡದಲ್ಲಿ ಹಗ್ಗ ಇಟ್ಟಲ್ಲಿ, ಕಾಯೋಕೆ ಜನ ನಿಲ್ಲಿಸಿದಲ್ಲಿ, ಅವರಿಗೆ ಕಲಿಸಿದಲ್ಲಿ.

ಸ್ನಾನಘಟ್ಟದಲ್ಲಿ, ಕಾಲುವೆ ಮೆಟ್ಟಿಲ ಹತ್ತಿರ ಒಂದು ಉದ್ದನೆ ಹಗ್ಗ, ಮುಚ್ಚಳ ಬಿಗಿದ ಒಂದು ಖಾಲಿ ಎಣ್ಣೆ ಕ್ಯಾನ್ ಕಟ್ಟಿಡೋಕೆ ಎಷ್ಟು ಖರ್ಚು? ಗ್ರಾಮಸಭೆಯಲ್ಲಿ ಕೇಳೋಣ. ಶಾಲೆಯಲ್ಲಿ ಒಂದು ದಿನ ಸಿಪಿಆರ್ ಕಲಿಸ್ರಿ ಅಂತ ಸರ್, ಮೇಡಂಗೆ ಹೇಳೋಣ. ಜುಲೈ 25 ಮುಳುಗುವಿಕೆ ತಡೆಯುವ ವಿಶ್ವ ದಿನ, 2021ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಅಷ್ಟರೊಳಗೆ ನಮ್ಮ ಕ್ಲಾಸಿಂದಲೇ ಶುರು ಮಾಡಬಹುದು.

ಸೇವ್ ಮಾಡ್ಕೊಳ್ರಿ. ಬಾವಿಗೆ ಹಾರೋ ಆ ಒಬ್ಬ ದೋಸ್ತನಿಗೆ ಟ್ಯಾಗ್ ಮಾಡ್ರಿ. ನಿಮ್ಮೂರ ಹೊಳೆಯಲ್ಲಿ ಜನರನ್ನು ಉಳಿಸಿದ ಹಿರಿಯರು ಇದ್ರ ಅವರ ಕಥೆ ಕಮೆಂಟ್‌ನಲ್ಲಿ ಬರೀರಿ.

#ಶಿರವಾಳ #ಶಹಾಪುರ #ಸುರಪುರ #ಯಾದಗಿರಿ #ನೀರಿನಚರಿತ್ರೆ