ಕೆಲ್ಲಾ ಗಿಡದಿಂದ ಕ್ರೋಮೋಗ್ಲೈಕೇಟ್‌ವರೆಗೆ

ಹೂ ಬಿಡುವ ಕಾಲ ಬಂತೆಂದರೆ ನಿಮ್ಮ ತರಗತಿಯಲ್ಲೂ ಸೀನುವ, ಕಣ್ಣುಜ್ಜುವ ಮಕ್ಕಳಿರುತ್ತಾರಲ್ಲವೇ? ಅವರಿಗೆ ಹಾಕುವ ಒಂದು ಕಣ್ಣುಹನಿಯ ಮೂಲ ಈಜಿಪ್ಟಿನ ಕೆಲ್ಲಾ ಗಿಡ. ಮೂತ್ರಪಿಂಡದ ಕಲ್ಲಿನ ನೋವಿಗೆ ಅಲ್ಲಿಯ ಜನ ಬಳಸುತ್ತಿದ್ದ ಮದ್ದು ಅದು. ಅದರಲ್ಲಿರುವ ಕೆಲ್ಲಿನ್ ಶ್ವಾಸನಾಳವನ್ನು ಸಡಿಲಿಸುತ್ತದೆ. ಜೊತೆಗೆ ಓಕರಿಕೆಯನ್ನೂ ತರುತ್ತದೆ. ಗಿಡದ್ದೆಂದ ಮಾತ್ರಕ್ಕೆ ನಿರಪಾಯವೇನಲ್ಲ!

ಕೆಲ್ಲಿನ್ ಅಣುವನ್ನು ಮಾರ್ಪಡಿಸಿ ಪಡೆದ ನೂರಾರು ಸಂಯುಕ್ತಗಳನ್ನು ಇಂಗ್ಲೆಂಡಿನಲ್ಲಿ ವೈದ್ಯ ರೋಜರ್ ಆಲ್ಟೂನ್ಯನ್ ತನ್ನ ಮೇಲೆಯೇ ಪರೀಕ್ಷಿಸಿದ. ಆತ ಸ್ವತಃ ಆಸ್ತಮಾ ರೋಗಿ. ಗಿನಿಯಿಲಿಯ ಕೂದಲಿನ ಸಾರವನ್ನು ಉಸಿರಾಡಿ ಉಬ್ಬಸ ಬರಿಸಿಕೊಳ್ಳುವುದು, ಮದ್ದು ಅದನ್ನೆಷ್ಟು ತಡೆಯಿತೆಂದು ಅಳೆಯುವುದು! 1965ರಲ್ಲಿ ಸೋಡಿಯಂ ಕ್ರೋಮೋಗ್ಲೈಕೇಟ್ ದೊರೆಯಿತು. ಅದರ ಪುಡಿಯನ್ನು ಶ್ವಾಸಕೋಶಕ್ಕೆ ಒಯ್ಯಲು, ಉಸಿರಿನ ಸೆಳೆತಕ್ಕೇ ತಿರುಗುವ ಪುಟ್ಟ ಪ್ರೊಪೆಲ್ಲರಿನ ಸಾಧನವೂ ಬಂತು (ಆತ ಯುದ್ಧಕಾಲದ ವಿಮಾನಚಾಲಕ ಎಂಬುದನ್ನು ನೆನೆಯಿರಿ). ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುವುದನ್ನು ಈ ಮದ್ದು ತಡೆಯುತ್ತದೆ. ಆದ್ದರಿಂದ ಪರಾಗಕಾಲಕ್ಕೆ ಮುನ್ನವೇ ಬಳಸತೊಡಗಬೇಕು. ಸೀನು ಹತ್ತಿದ ಮೇಲೆ ಫಲ ಅಲ್ಪ.