ಸುಟ್ಟುಹೋದ ರೈಲು, ಉಳಿದುಕೊಂಡ ಚಿತ್ರ

1973ರ ಜನವರಿ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಡಲ ತಡಿಯ ಊರು ಮಾಂಟೆರೆ. ಅಲ್ಲಿನ ಒಂದು ಮನೆಯ ನೆಲಮಾಳಿಗೆಯಲ್ಲಿ ಎದ್ದ ಬೆಂಕಿ ಇಡೀ ಒಂದು ರೈಲ್ವೆಯನ್ನೇ ನುಂಗಿಹಾಕಿತು. ಬೆಟ್ಟ, ಕಣಿವೆ, ಸೇತುವೆ, ನಿಲ್ದಾಣ, ಉಗಿಬಂಡಿ, ಊರು, ಊರಿನ ಜನ ಎಲ್ಲವೂ ಕರಕಲಾದವು. ಆ ಊರಿನ ಜನರ ಎತ್ತರ ಕೇವಲ ಎರಡು ಸೆಂಟಿಮೀಟರ್! ಅವರನ್ನೂ ಅವರ ಲೋಕವನ್ನೂ ಕಟ್ಟಿ ನಿಲ್ಲಿಸಿದ ಮನುಷ್ಯ ಹತ್ತು ದಿನಗಳ ಹಿಂದಷ್ಟೇ ಹೃದಯಾಘಾತದಿಂದ ತೀರಿಕೊಂಡಿದ್ದ.

ಆತನ ಹೆಸರು ಜಾನ್ ಅಲೆನ್. ವೃತ್ತಿಯಿಂದ ಛಾಯಾಗ್ರಾಹಕ, ಹವ್ಯಾಸದಿಂದ ಪುಟಾಣಿ ರೈಲ್ವೆಯ ಶಿಲ್ಪಿ. ಆತ ತನ್ನ ರೈಲ್ವೆಗೆ ಇಟ್ಟ ಹೆಸರು ‘ಗೋರಿ ಅಂಡ್ ಡಿಫೀಟೆಡ್’. ಬರೆಯುವಾಗ ಎರಡು ಊರುಗಳ ಹೆಸರಿನಂತೆ ಕಾಣುವ ಕಾಗುಣಿತ. ಓದುವಾಗ ಮಾತ್ರ ‘ಮೈಯೆಲ್ಲ ನೆತ್ತರಾಗಿ ಸೋತದ್ದು’ ಎಂಬ ಅರ್ಥ ಹೊರಡುವ ತಮಾಷೆ.

ಅಂದು ಸುಟ್ಟುಹೋದ ಆ ರೈಲ್ವೆಯನ್ನು ಇಂದು ಯಾರೂ ಕಣ್ಣಾರೆ ನೋಡಲಾರರು. ಆದರೆ ಅರ್ಧ ಶತಮಾನ ಕಳೆದ ಮೇಲೂ, ಮಾಂಟೆರೆಗೆ ಒಮ್ಮೆಯೂ ಕಾಲಿಡದ ಹವ್ಯಾಸಿಗರು ಅದರ ಸೇತುವೆಗಳನ್ನೂ ಊರುಗಳನ್ನೂ ಗುರುತಿಸಬಲ್ಲರು. ಇದು ಹೇಗೆ ಸಾಧ್ಯವಾಯಿತು? ಉತ್ತರ ಸರಳ. ಅಲೆನ್ ರೈಲು ಕಟ್ಟಿ ಸುಮ್ಮನಾಗಲಿಲ್ಲ. ಅದರ ಫೋಟೊ ತೆಗೆದು ಎಲ್ಲರೊಡನೆ ಹಂಚಿಕೊಂಡ.

ಇದು ನಿವೇಶನದ ಲೇಔಟ್ ಅಲ್ಲ

ಲೇಔಟ್ ಎಂದೊಡನೆ ನಮಗೆ ನೆನಪಾಗುವುದು ನಿವೇಶನ, ಡಾಂಬರು ರಸ್ತೆ, ಕಂತಿನ ಸಾಲ. ಪುಟಾಣಿ ರೈಲ್ವೆಯವರ ಭಾಷೆಯಲ್ಲಿ ಲೇಔಟ್ ಎಂದರೆ ಮರದ ಚೌಕಟ್ಟಿನ ಮೇಲೆ ಹಳಿ ಹಾಸಿ, ಸುತ್ತ ಗುಡ್ಡ, ಮರ, ಮನೆಗಳನ್ನು ನಿಲ್ಲಿಸಿ ರೈಲು ಓಡಿಸುವ ಏರ್ಪಾಡು. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳು ಮಣ್ಣು ಹರಡಿ, ರಾಗಿ ಪೈರು ಬೆಳೆಸಿ ಮಾಡುವ ಪುಟ್ಟ ಊರನ್ನು ನೆನೆಸಿಕೊಂಡರೆ ಇದರ ಅಂದಾಜು ಸಿಕ್ಕೀತು. ವ್ಯತ್ಯಾಸವೆಂದರೆ ಗೊಂಬೆಗಳು ಹಬ್ಬ ಮುಗಿದ ಮೇಲೆ ಪೆಟ್ಟಿಗೆ ಸೇರುತ್ತವೆ. ಲೇಔಟ್ ಮಾತ್ರ ವರ್ಷಗಟ್ಟಲೆ, ಕೆಲವೊಮ್ಮೆ ಒಂದು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತದೆ.

ಇಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಅಳತೆಯಲ್ಲಿ ಪ್ರತಿಯೊಂದು ವಸ್ತುವೂ ನಿಜದ 87ರಲ್ಲಿ ಒಂದು ಪಾಲು. ಅಮೆರಿಕ, ಯೂರೋಪುಗಳ ಸಾಮಾನ್ಯ ರೈಲು ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ಪುಟಾಣಿ ಹಳಿಯಲ್ಲಿ ಅದು 16.5 ಮಿಲಿಮೀಟರ್. ಒಂದು ಕಿಲೋಮೀಟರ್ ದಾರಿ ತೋರಿಸಬೇಕಾದರೆ ಸುಮಾರು ಹನ್ನೊಂದೂವರೆ ಮೀಟರ್ ಜಾಗ ಬೇಕು. ಯಾವ ಮನೆಯಲ್ಲಿದೆ ಅಷ್ಟು ಜಾಗ? ಹೀಗಾಗಿ ಲೇಔಟುಗಳು ನೆಲಮಾಳಿಗೆ, ಅಟ್ಟ, ಕಾರು ನಿಲ್ಲಿಸುವ ಗ್ಯಾರೇಜುಗಳನ್ನು ಆಶ್ರಯಿಸಿದವು. ಒಮ್ಮೆ ಕಟ್ಟಿದ ದೊಡ್ಡ ಲೇಔಟನ್ನು ಹೊತ್ತು ತಿರುಗುವಂತಿಲ್ಲ. ಮನೆಗೆ ಬಂದವರಿಗಷ್ಟೇ ಅದರ ದರ್ಶನ. ಹೊರಜಗತ್ತಿಗೆ ಹೋಗಲು ಅದಕ್ಕಿರುವ ದಾರಿ ಒಂದೇ, ಛಾಯಾಚಿತ್ರ.

ಪತ್ರಿಕೆಗಳು ತೆರೆದ ಬಾಗಿಲು

ಈ ದಾರಿಯನ್ನು ಮೊದಲು ತೆರೆದದ್ದು ಹವ್ಯಾಸಿ ಪತ್ರಿಕೆಗಳು. ಬ್ರಿಟನ್ನಿನಲ್ಲಿ 1925ರಲ್ಲಿ ‘ಮಾಡೆಲ್ ರೈಲ್ವೆ ನ್ಯೂಸ್’ ಶುರುವಾಯಿತು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಆಲ್ ಕಾಮ್‌ಬಾಕ್ ಎಂಬಾತ 1934ರ ಜನವರಿಯಲ್ಲಿ ‘ಮಾಡೆಲ್ ರೈಲ್‌ರೋಡರ್’ ಹೊರತಂದ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಮರುವರ್ಷವೇ ಅದೇ ನಗರದಲ್ಲಿ ಹವ್ಯಾಸಿಗರ ರಾಷ್ಟ್ರೀಯ ಸಂಘವೂ ಹುಟ್ಟಿತು. ಒಬ್ಬನ ಗಾಡಿ ಇನ್ನೊಬ್ಬನ ಹಳಿಯ ಮೇಲೆ ಓಡಬೇಕಾದರೆ ಎಲ್ಲರ ಅಳತೆ ಒಂದೇ ಇರಬೇಕಲ್ಲ! ಅಳತೆಗಳನ್ನು ಗೊತ್ತುಪಡಿಸುವುದೇ ಸಂಘದ ಮುಖ್ಯ ಕೆಲಸವಾಯಿತು.

ಅಳತೆ ಹೇಳಲು ಅಕ್ಷರ ಸಾಕು. ಆದರೆ ಬಂಡೆಯ ಬಣ್ಣ ಹೇಗಿರಬೇಕು, ಹಳೆಯ ಗೋದಾಮಿನ ಗೋಡೆ ಹೇಗೆ ಕಾಣುತ್ತದೆ ಎಂಬುದನ್ನು ತೋರಿಸಲು ಚಿತ್ರವೇ ಬೇಕು. ಓದುಗರು ಕಳಿಸಿದ ಫೋಟೊಗಳಿಗೆ ಈ ಪತ್ರಿಕೆಗಳಲ್ಲಿ ಕಾಯಂ ಜಾಗ ದೊರೆಯಿತು. ‘ಮಾಡೆಲ್ ರೈಲ್‌ರೋಡರ್’ನ ‘ಟ್ರ್ಯಾಕ್‌ಸೈಡ್ ಫೋಟೋಸ್’ ಎಂಬ ಪುಟಗಳು ಅಂಥವು. ಹಳ್ಳಿಗಾಡಿನ ಮೂಲೆಯಲ್ಲಿ ಒಂಟಿಯಾಗಿ ಹಳಿ ಜೋಡಿಸುತ್ತಿದ್ದವನಿಗೆ ತನ್ನಂಥ ಹುಚ್ಚಿನವರು ಇನ್ನೂ ಇದ್ದಾರೆ ಎಂಬ ಧೈರ್ಯ ಸಿಕ್ಕಿದ್ದು ಇಂಥ ಪುಟಗಳಿಂದ.

ಚಿತ್ರಗಳು ಹವ್ಯಾಸದ ದಿಕ್ಕನ್ನೂ ಬದಲಿಸಿದವು. ಇಂಗ್ಲೆಂಡಿನ ಜಾನ್ ಅಹರ್ನ್ 1930ರ ದಶಕದ ಕೊನೆಯಲ್ಲಿ ‘ಮ್ಯಾಡರ್ ವ್ಯಾಲಿ’ ಎಂಬ ಕಾಲ್ಪನಿಕ ರೈಲುಮಾರ್ಗ ಕಟ್ಟತೊಡಗಿದ. ಆವರೆಗೆ ಹೆಚ್ಚಿನವರ ಗಮನವೆಲ್ಲ ಎಂಜಿನ್ನು ಮತ್ತು ಹಳಿಗಳ ಮೇಲಿತ್ತು. ಊರು, ಮರ ಎಂಬುವು ಹೆಸರಿಗಷ್ಟೇ. ಅಹರ್ನ್ ಲೆಕ್ಕವನ್ನು ತಿರುಗಿಸಿದ. ನಿಜವಾದ ಹಳೆಯ ಕಟ್ಟಡಗಳನ್ನು ನೋಡಿ ಅವುಗಳ ಪ್ರತಿಕೃತಿ ಮಾಡಿದ. ಬಂದರು, ಬೀದಿ, ಹೊಲಗಳ ನಡುವೆ ರೈಲು ಹಾದುಹೋಗುವಂತೆ ಇಡೀ ಪರಿಸರವನ್ನು ರಚಿಸಿದ. ಪತ್ರಿಕೆಯಲ್ಲಿ ಅದರ ಫೋಟೊ ನೋಡಿದವರಿಗೆ ಹೊಸದೊಂದು ಹೊಳೆಯಿತು. ಕಟ್ಟಬೇಕಾದದ್ದು ಬರೀ ರೈಲನ್ನಲ್ಲ, ರೈಲು ಓಡುವ ನಾಡನ್ನು.

ಅಹರ್ನ್ 1961ರಲ್ಲಿ ತೀರಿಕೊಂಡ. ಆತನ ಲೇಔಟ್ ಅದೃಷ್ಟವಂತ. ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯ ಅದನ್ನು ಉಳಿಸಿಕೊಂಡಿತು. ಅಲೆನ್‌ನ ಲೇಔಟಿಗೆ ಅಂಥ ಭಾಗ್ಯವಿರಲಿಲ್ಲ.

ಕ್ಯಾಮೆರಾ ಹಿಡಿದ ಕೈ

1913ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿದ ಅಲೆನ್‌ನ ಹೃದಯ ಎಳೆಯ ವಯಸ್ಸಿನಲ್ಲಿ ಬಂದ ಸಂಧಿವಾತ ಜ್ವರದಿಂದ ದುರ್ಬಲವಾಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಛಾಯಾಗ್ರಹಣ ಮಾಡಿಕೊಂಡಿದ್ದ ಆತ 1940ರ ದಶಕದಲ್ಲಿ ಮಾಂಟೆರೆಗೆ ಬಂದು ನೆಲೆಸಿದ. ಅಲ್ಲಿ ಕಟ್ಟಿದ ಮೊದಲ ಲೇಔಟ್ ಒಂದು ಮಂಚದಷ್ಟೇ ಇತ್ತು. ನಂತರ ಅದನ್ನು ಹಿಗ್ಗಿಸಿದ. ಮುಂದೆ ಬೇರೆ ಮನೆಗೆ ಹೋದಾಗ ಆ ಮೊದಲ ಪುಟ್ಟ ಲೇಔಟನ್ನೂ ಒಳಗೆ ಸೇರಿಸಿಕೊಂಡು ನೆಲಮಾಳಿಗೆಯ ತುಂಬ ಮೂರನೆಯದನ್ನು ಆರಂಭಿಸಿದ. ಸುಮಾರು ಎರಡು ದಶಕ ಆ ಕೆಲಸ ನಡೆಯಿತು. ನೆಲದಿಂದಲೇ ಎದ್ದ ಬೆಟ್ಟಗಳ ನಡುವೆ, ಕಣಿವೆಯಲ್ಲಿ ನಡೆದಂತೆ ನೋಡುಗರು ನಡೆಯಬೇಕಿತ್ತು.

ಛಾಯಾಗ್ರಾಹಕನ ಕಣ್ಣು ಈ ಕೆಲಸದಲ್ಲಿ ಎದ್ದು ಕಾಣುತ್ತದೆ. ಹೊಳೆಯುವ ಹೊಸ ಆಟಿಕೆಯಂತಿದ್ದ ಗಾಡಿಗಳಿಗೆ ಆತ ತುಕ್ಕು, ಮಸಿ, ಧೂಳು ಬಳಿದು ವಯಸ್ಸಾಗಿಸಿದ. ಇಂದು ಎಲ್ಲರೂ ಮಾಡುವ ಈ ಕೆಲಸ ಅಂದಿಗೆ ಹೊಸತು. ದೂರದ ಮನೆಗಳನ್ನು ಇನ್ನಷ್ಟು ಚಿಕ್ಕದಾಗಿ ಕಟ್ಟಿ ಕೋಣೆಯ ಗೋಡೆಯಾಚೆಗೂ ನಾಡು ಚಾಚಿದೆ ಎಂಬ ಭ್ರಮೆ ಹುಟ್ಟಿಸಿದ. ಗೊತ್ತಾಗದಂತೆ ಕನ್ನಡಿಗಳನ್ನಿಟ್ಟು ಬೀದಿಗಳನ್ನು ಉದ್ದ ಮಾಡಿದ. ನಡುವೆ ಕಿಡಿಗೇಡಿತನವೂ ಉಂಟು. ಗಾಡಿಗಳನ್ನು ಎಳೆಯಲು ಎಮ್ಮಾ ಎಂಬ ಡೈನೊಸಾರನ್ನು ನೇಮಿಸಿ ಅದಕ್ಕೆ 13ನೇ ನಂಬರು ಕೊಟ್ಟಿದ್ದ! ಇದೇನು ರೈಲ್ವೆಯೋ ಕಟ್ಟುಕಥೆಯೋ ಎಂದು ನಿಜಕ್ಕೆ ನಿಷ್ಠರಾದವರು ಮೂಗು ಮುರಿಯುವುದಕ್ಕೆ ಇಷ್ಟು ಸಾಕಿತ್ತು.

ಆದರೆ ಆತನ ಚಿತ್ರಗಳ ಸೆಳೆತವನ್ನು ಅಲ್ಲಗಳೆಯುವಂತಿರಲಿಲ್ಲ. 1940ರ ದಶಕದ ಕೊನೆಯಿಂದ ಅವು ಪತ್ರಿಕೆಗಳಲ್ಲಿ ಬರತೊಡಗಿದವು. ವಾರ್ನಿ ಎಂಬ ಪುಟಾಣಿ ರೈಲು ತಯಾರಕ ಕಂಪನಿಯ ಜಾಹೀರಾತುಗಳಿಗೂ ಅಲೆನ್‌ನ ಬೆಟ್ಟ ಸೇತುವೆಗಳೇ ಹಿನ್ನೆಲೆಯಾದವು. ಜಾಹೀರಾತನ್ನು ಕತ್ತರಿಸಿ ಇಟ್ಟುಕೊಳ್ಳುವಷ್ಟು ಸೊಗಸು ಅವುಗಳಲ್ಲಿತ್ತು.

ಮಸುಕು ಎಂಬ ಚಾಡಿಕೋರ

ಪುಟಾಣಿ ರೈಲಿನ ಫೋಟೊ ತೆಗೆಯುವುದು ಮದುವೆ ಮನೆಯ ಫೋಟೊ ತೆಗೆದಂತಲ್ಲ. ಕ್ಯಾಮೆರಾ ವಸ್ತುವಿನ ತೀರ ಹತ್ತಿರ ಹೋದಾಗ ಒಂದು ಕಿರಿದಾದ ಪಟ್ಟಿಯಷ್ಟೇ ಸ್ಫುಟವಾಗಿ ಬೀಳುತ್ತದೆ. ಅದರ ಹಿಂದೆ ಮುಂದೆ ಎಲ್ಲ ಮಸುಕು. ನಿಜವಾದ ರೈಲನ್ನು ದೂರದಿಂದ ಸೆರೆಹಿಡಿದರೆ ಎಂಜಿನ್ನೂ ಸ್ಪಷ್ಟ, ಹಿಂದಿನ ಬೆಟ್ಟವೂ ಸ್ಪಷ್ಟ. ಈ ವ್ಯತ್ಯಾಸ ನಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಮಸುಕು ಕಂಡೊಡನೆ ಇದು ಆಟಿಕೆ ಎಂದು ಮನಸ್ಸು ತೀರ್ಪು ಕೊಡುತ್ತದೆ. ಈಚಿನ ವರ್ಷಗಳಲ್ಲಿ ಕೆಲವರು ನಿಜವಾದ ನಗರದ ಚಿತ್ರದ ಮೇಲೆ ಕೆಳಗೆ ಬೇಕೆಂದೇ ಮಸುಕು ಮಾಡಿ, ಬಸ್ಸು ಕಟ್ಟಡಗಳು ಆಟಿಕೆಯಂತೆ ಕಾಣುವ ಚಿತ್ರ ಮಾಡುತ್ತಾರೆ. ಅದು ಇದೇ ಸೂತ್ರದ ತಲೆಕೆಳಗಾದ ರೂಪ.

ಹಾಗಾದರೆ ಉಪಾಯ? ಮಸೂರದ ಕಿಂಡಿಯನ್ನು ಆದಷ್ಟೂ ಕಿರಿದಾಗಿಸುವುದು. ಕಿಂಡಿ ಕಿರಿದಾದಷ್ಟೂ ಸ್ಫುಟತೆಯ ಆಳ ಹೆಚ್ಚು. ಅಲೆನ್ ಬಹಳ ಕಿರಿದಾದ ಕಿಂಡಿಯಲ್ಲಿಯೇ ಚಿತ್ರ ತೆಗೆಯುತ್ತಿದ್ದ. ಆದರೆ ಕಿಂಡಿ ಕಿರಿದಾದರೆ ಒಳಹೋಗುವ ಬೆಳಕೂ ಕಡಿಮೆ. ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ದೀಪ ಹೊಂದಿಸಿ, ಬಹಳ ಹೊತ್ತು ತೆರೆದಿಡಬೇಕು. ರೈಲು ಮಿಸುಕುವಂತಿಲ್ಲ. ಕಿಂಡಿಯನ್ನು ಮಿತಿಮೀರಿ ಕಿರಿದಾಗಿಸಿದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮಂಕಾಗುತ್ತದೆ. ಇವೆರಡರ ನಡುವಿನ ಹದವನ್ನು ಕಂಡುಕೊಳ್ಳುವುದರಲ್ಲಿದೆ ಜಾಣ್ಮೆ. ಇನ್ನೊಂದು ಕಷ್ಟ ಎತ್ತರದ್ದು. ಎರಡು ಸೆಂಟಿಮೀಟರ್ ಮನುಷ್ಯನ ಕಣ್ಣಿಗೆ ಕಂಡಂತೆ ನಿಲ್ದಾಣ ಕಾಣಬೇಕಾದರೆ ಮಸೂರವೂ ಅಷ್ಟೇ ಎತ್ತರದಲ್ಲಿರಬೇಕು. ದೊಡ್ಡ ಕ್ಯಾಮೆರಾಗಳ ಕಾಲದಲ್ಲಿ ಇದು ಹರಸಾಹಸವೇ ಸರಿ.

ಬೆಂಕಿಯ ನಂತರ

1973ರ ಜನವರಿ 6ರಂದು ಅಲೆನ್ ತೀರಿಕೊಂಡಾಗ ವಯಸ್ಸು 59. ಲೇಔಟ್ ಇನ್ನೂ ಪೂರ್ತಿ ಮುಗಿದಿರಲಿಲ್ಲ. ನಿಯಮಿತವಾಗಿ ಬಂದು ರೈಲು ಓಡಿಸುತ್ತಿದ್ದ ಸ್ನೇಹಿತರ ಬಳಗ ಆತನಿಗಿತ್ತು. ಆತ ಹೋದ ಮೇಲೂ ಅವರು ಅಲ್ಲಿ ಸೇರಿದ್ದರು. ಆದರೆ ಹತ್ತು ದಿನಗಳೊಳಗೆ, ಕೋಣೆ ಬೆಚ್ಚಗಿಡುವ ಹೀಟರಿನಿಂದ ಹೊತ್ತಿಕೊಂಡ ಬೆಂಕಿ ಹೆಚ್ಚುಕಡಿಮೆ ಎಲ್ಲವನ್ನೂ ಬಲಿ ತೆಗೆದುಕೊಂಡಿತು.

ಬೆಂಕಿಗೆ ಸಿಗದೆ ಉಳಿದದ್ದು ಪತ್ರಿಕೆಗಳಲ್ಲಿ ಅಚ್ಚಾಗಿ ಸಾವಿರಾರು ಮನೆಗಳ ಕಪಾಟು ಸೇರಿದ್ದ ಚಿತ್ರಗಳು. ‘ಮಾಡೆಲ್ ರೈಲ್‌ರೋಡರ್’ನ ಸಂಪಾದಕನಾಗಿದ್ದ ಲಿನ್ ವೆಸ್ಟ್‌ಕಾಟ್ ಅಲೆನ್‌ನ ಕೆಲಸದ ಬಗ್ಗೆ ಒಂದು ಸಚಿತ್ರ ಪುಸ್ತಕ ಬರೆದ. ಅದು ಪ್ರಕಟವಾದದ್ದು 1981ರಲ್ಲಿ, ವೆಸ್ಟ್‌ಕಾಟ್ ಕೂಡ ತೀರಿಕೊಂಡ ಮೇಲೆ. ಕಟ್ಟಿದವನೂ ಇಲ್ಲ, ಬರೆದವನೂ ಇಲ್ಲ, ರೈಲೂ ಇಲ್ಲ. ಆದರೂ ಆ ಪುಸ್ತಕ ನೋಡಿ ಹಳಿ ಹಾಸಲು ಕುಳಿತವರಿಗೆ ಲೆಕ್ಕವಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಪೀಬಡಿಯಲ್ಲಿ ಜಾರ್ಜ್ ಸೆಲಿಯೊಸ್ ಕಟ್ಟಿದ, 1930ರ ದಶಕದ ಬಡ ನಗರವೊಂದನ್ನು ತೋರಿಸುವ ಪ್ರಸಿದ್ಧ ಲೇಔಟಿಗೆ ಸ್ಫೂರ್ತಿ ಅಲೆನ್‌ನ ಕೆಲಸವೇ.

ಹೊಸ ಕಾಲದ ಹೊಸ ಕಷ್ಟ

ಇಂದು ಫೋಟೊ ತೆಗೆಯುವುದು ಎಷ್ಟೋ ಸುಲಭ. ಮೊಬೈಲ್ ಫೋನನ್ನು ತಲೆಕೆಳಗಾಗಿ ಹಳಿಯ ಮೇಲೆ ನಿಲ್ಲಿಸಿದರೆ ಮಸೂರ ಪುಟ್ಟ ಮನುಷ್ಯನ ಕಣ್ಣಿನ ಎತ್ತರಕ್ಕೆ ಬರುತ್ತದೆ. ಹತ್ತಿರದಿಂದ ದೂರದವರೆಗೆ ಒಂದೊಂದೇ ಜಾಗವನ್ನು ಸ್ಫುಟಗೊಳಿಸಿ ಹತ್ತಾರು ಚಿತ್ರ ತೆಗೆದರೆ ಕಂಪ್ಯೂಟರ್ ಅವುಗಳ ಸ್ಪಷ್ಟ ಭಾಗಗಳನ್ನಷ್ಟೇ ಹೊಲಿದು ಒಂದು ಚಿತ್ರ ಮಾಡಿಕೊಡುತ್ತದೆ. ಬೇಕಿದ್ದರೆ ಹೊಗೆಯನ್ನೂ ಮೋಡವನ್ನೂ ಸೇರಿಸಬಹುದು. ಹಾಗೆ ಸೇರಿಸುವುದು ಸರಿಯೇ ಎಂಬ ಚರ್ಚೆ ಹವ್ಯಾಸಿಗರಲ್ಲಿ ಮುಗಿದಿಲ್ಲ. ಕನ್ನಡಿ ಬಳಸಿದ ಅಲೆನ್ ಮಾಡಿದ್ದೂ ಭ್ರಮೆಯೇ ಅಲ್ಲವೇ ಎಂದು ಒಬ್ಬರು ಕೇಳಿದರೆ, ಆ ಕನ್ನಡಿ ಲೇಔಟಿನಲ್ಲೇ ಇತ್ತು, ಚಿತ್ರದಲ್ಲಿ ಸೇರಿಸಿದ್ದಲ್ಲ ಎಂದು ಇನ್ನೊಬ್ಬರು ಉತ್ತರಿಸಬಹುದು.

ಆದರೆ ಉಳಿಸಿಕೊಳ್ಳುವ ಮಾತು ಬೇರೆ. 2017ರಲ್ಲಿ, ಅದುವರೆಗೆ ಹವ್ಯಾಸಿಗರ ಚಿತ್ರಗಳನ್ನು ಪುಕ್ಕಟೆಯಾಗಿ ಇರಿಸಿಕೊಂಡು ಬೇರೆಡೆ ತೋರಿಸುತ್ತಿದ್ದ ದೊಡ್ಡ ಅಂತರ್ಜಾಲ ಸಂಸ್ಥೆಯೊಂದು ಇದ್ದಕ್ಕಿದ್ದಂತೆ ವರ್ಷಕ್ಕೆ ಸುಮಾರು 400 ಡಾಲರ್ ಕೇಳಿತು. ಕೊಡದವರ ಚಿತ್ರಗಳು ಮರೆಯಾದವು. ‘ಕೆಳಗಿನ ಚಿತ್ರದಲ್ಲಿ ಕಾಣುವಂತೆ’ ಎಂಬ ಸಾಲು ಇತ್ತು, ಚಿತ್ರ ಇರಲಿಲ್ಲ. ಮರುವರ್ಷ ಸಂಸ್ಥೆ ಪಟ್ಟು ಸಡಿಲಿಸಿತಾದರೂ, ಒಂದೇ ಕಡೆ ಇಟ್ಟದ್ದು ಒಂದೇ ದಿನದಲ್ಲಿ ಹೋಗಬಹುದು ಎಂಬ ಪಾಠ ಉಳಿಯಿತು. ಆ ಮಟ್ಟಿಗೆ ನೆಲಮಾಳಿಗೆಗೂ ಕಂಪ್ಯೂಟರಿಗೂ ಭೇದವಿಲ್ಲ.

ಅಲೆನ್‌ನ ರೈಲ್ವೆ ಉಳಿದದ್ದು ಆತ ಜೋಪಾನ ಮಾಡಿದ್ದರಿಂದಲ್ಲ, ಕೊಟ್ಟುಬಿಟ್ಟಿದ್ದರಿಂದ. ಹಳೆಯ ಪತ್ರಿಕೆಗಳ ಕಟ್ಟನ್ನು ರದ್ದಿಗೆ ಹಾಕುವ ಮುನ್ನ ಹವ್ಯಾಸಿಗರು ಇಂದಿಗೂ ಎರಡು ಸಲ ಯೋಚಿಸುವುದಕ್ಕೆ ಅದೇ ಕಾರಣ.